ಸುಖಾಗಮನ ಬಯಸುವವರು

"ಒಳಗ ಬರ್ರಿ, ಜಲ್ದಿ ಬರ್ರಿ."

ಕಸ್ತೂರೆಮ್ಮ ಬಾಗಿಲಲ್ಲಿ ನಿಂತಿದ್ದ ಹೆಂಗಸಿನ ತೋಳು ಹಿಡಿದು ಒಳಗೆಳೆದುಕೊಂಡಳು. ಓಣಿಯ ಎರಡೂ ಕಡೆ ಕಣ್ಣು ಹಾಯಿಸಿ ಬಾಗಿಲು ಮುಚ್ಚಿದಳು, ಚಿಲಕವನ್ನೂ ಹಾಕಿದಳು. ಸಿಂಧನೂರಿನ ಆ ಓಣಿಯಲ್ಲಿ ಹಗಲು ಹೊತ್ತಿನಲ್ಲಿ ಯಾರೂ ಚಿಲಕ ಹಾಕುವವರಲ್ಲ.

ಬಾಗಿಲು ತೆಗೆದಾಗ ಬಂದಾಕೆ ಹೇಳಿದ್ದು ಇಷ್ಟೇ: "ನಾನ್ರೀ, ಸಂತೆಕಲ್ಲೂರು ಪಾರ್ವತೆಮ್ಮ. ದುರುಗೇಶನ ತಾಯಿ."

ಆ ಹೆಸರನ್ನು ಐದು ತಿಂಗಳಿಂದ ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಲಿಂಗಸುಗೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಕಸ್ತೂರೆಮ್ಮನ ಮಗಳು ದಾನೇಶ್ವರಿ, ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಕುರಿಗಾರರ ಮನೆಯ ದುರುಗೇಶನನ್ನು ರಿಜಿಸ್ಟರ್ ಮದುವೆಯಾಗಲು ಹೊರಟಾಗ, ಕಚೇರಿಯ ಹಲಗೆಗೆ ಅಂಟಿಸಿದ್ದ ನೋಟೀಸಿನ ಫೋಟೋ ತೆಗೆದು ಯಾರೋ ಅವಳ ಅಣ್ಣ ವೀರೇಂದ್ರನಿಗೆ ಕಳಿಸಿದ್ದರು. ವೀರೇಂದ್ರ ತನ್ನ ಗೊಬ್ಬರದಂಗಡಿಯ ಶಟರ್ ಎಳೆಯುವ ಕಬ್ಬಿಣದ ಸಲಾಕೆಯನ್ನು ಬೈಕಿಗೆ ಕಟ್ಟಿಕೊಂಡು ಹೋದ. ಹಟ್ಟಿಯ ರಸ್ತೆಯಲ್ಲಿ ದುರುಗೇಶನ ಬಲಗೈ ಮುರಿದು ಬಂದ. ನಾಲ್ಕು ದಿನದ ಮೇಲೆ ದುರುಗೇಶ ಕೈಗೆ ಪಟ್ಟಿ ಕಟ್ಟಿಕೊಂಡೇ ಕಚೇರಿಗೆ ಬಂದು ಎಡಗೈಯಲ್ಲಿ ಸಹಿ ಹಾಕಿದನಂತೆ. ಪೊಲೀಸರಿಗೆ ದೂರು ಕೊಡುವುದು ಬೇಡವೆಂದು ದಾನೇಶ್ವರಿಯೇ ಹೇಳಿದಳಂತೆ. ಕಸ್ತೂರೆಮ್ಮನಿಗೆ ಎಲ್ಲವೂ ಹೀಗೆ ಅವರಿವರ ಬಾಯಿಂದ ಬಂದ ಸುದ್ದಿಯೇ.

"ಕುಂದರ್ರಿ," ಎಂದಳು. ಎಂದ ಮೇಲೆ ಗೋಡೆಯ ಗಡಿಯಾರ ನೋಡಿದಳು. ಹನ್ನೆರಡೂಕಾಲು.

"ಮಗ ಎಷ್ಟೊತ್ತಿಗೆ ಊಟಕ್ಕ ಬರ್ತಾರ್ರೀ?"

"ಒಂದಕ್ಕ. ಒಮ್ಮೊಮ್ಮೆ ಅದಕಿಂತ ಮೊದ್ಲ."

"ಹಂಗಾರ ಕುಂದ್ರಂಗಿಲ್ರಿ. ನಿಂತೇ ಹೇಳಿ ಹೋಗ್ತೀನಿ."

ಪಾರ್ವತೆಮ್ಮ ಬಿಸಿಲಲ್ಲಿ ನಡೆದು ನಡೆದು ಒಣಗಿದ ಮೈಯವಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಬಟ್ಟೆಯಂಗಡಿಯ ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು.

"ನಮ್ಮ ಮನ್ಯಾಗ ಪೂಜಿ ಮಾಡೂ ದುರುಗಮ್ಮನ ಗಡಿಗಿ ಐತ್ರಿ. ಸೊಸಿ ಅದನ್ನ ಮುಟ್ಟಬೇಕಂದ್ರ ದೇವಿ ಮುಂದ ತಾಳಿ ಆಗಿರಬೇಕು. ಆಫೀಸಿನ ಕಾಗದ ನಮ್ಮ ದೇವಿಗೆ ಓದಾಕ ಬರಂಗಿಲ್ಲ. ಅದಕ ಬರೂ ಇಪ್ಪತ್ತಾರಕ್ಕ ಗುಡಿ ಮುಂದ ನಾಕು ಮಂದ್ಯಾಗ ಅಕ್ಕಿಕಾಳು ಹಾಕಿಸಬೇಕಂತ ಮಾಡೀವಿ. ನೀವೇನೂ ಮಾಡೂದು ಬ್ಯಾಡ್ರಿ. ಇದನ್ನೊಂದು ನೋಡ್ರಿ ಸಾಕು."

ಕಾಗದದ ಮೇಲಿದ್ದದ್ದು ದಾನೇಶ್ವರಿಯ ದುಂಡು ಅಕ್ಷರ. ಲಗ್ನಪತ್ರಿಕೆಯ ಕರಡು. ಮೇಲೆ ದೇವಿಯ ಹೆಸರು, ಆಮೇಲೆ ವರನ ಹೆಸರು, ಅವನ ತೀರಿಹೋದ ತಂದೆಯ ಹೆಸರು, ತಾಯಿಯ ಹೆಸರು, ಊರು. ಕೆಳಗೆ 'ವಧು: ದಾನೇಶ್ವರಿ' ಎಂದಷ್ಟೇ ಇತ್ತು. ಅದರ ಕೆಳಗೆ ಎರಡು ಸಾಲಿನಷ್ಟು ಜಾಗ ಬರಿದಾಗಿತ್ತು.

"ಇಲ್ಲಿ ಏನ್ ಬರಸ್ತೀಬೇ ಅಂತ ಕೇಳಿದೆ. 'ಏನೂ ಬ್ಯಾಡತ್ತಿ, ಹಂಗ ಬಿಡ್ರಿ' ಅಂದ್ಲು. ತಂದಿ ತಾಯಿ ಇದ್ದೂ ಇಲ್ಲದಾಕಿ ಹಂಗ ಖಾಲಿ ಬಿಟ್ರ, ಓದಿದ ಮಂದಿ ಏನಂತಾರ್ರೀ? ಆಕೀಗೆ ಹೇಳದಂಗ ಬಂದೀನಿ ನಾ."

ಕಸ್ತೂರೆಮ್ಮನ ಬೆರಳು ಆ ಖಾಲಿ ಜಾಗದ ಮೇಲೆಯೇ ನಿಂತಿತ್ತು.

"ಇನ್ನೊಂದೈತ್ರಿ," ಪಾರ್ವತೆಮ್ಮ ದನಿ ಇಳಿಸಿದಳು. "ಹಟ್ಟಿ ಕ್ವಾರ್ಟರ್ಸ್ ಮುಂದ ಎರಡು ಸಲ ಒಂದು ಬೈಕ್ ನಿಂತಿತ್ತಂತ. ಹೆಲ್ಮೆಟ್ ತಗೀಲಿಲ್ಲಂತ, ಇಳೀಲಿಲ್ಲಂತ. ತಾಸೊತ್ತು ನಿಂತು ಹೋತಂತ. ನಮ್ಮ ಹುಡುಗ ಈಗ ಶಿಫ್ಟಿಗೆ ನಾಕು ಮಂದಿ ಜೋಡಿನ ಹೊಕ್ಕಾನ. ನನಗ ಅಂಜಿಕಿ ಬರಾಕತ್ತೈತ್ರಿ. ಇರಾವ ಒಬ್ಬ ಮಗ. ನಾಳೆ ಗುಡಿ ಮುಂದ ಏನಾರ ಆದ್ರ ನಾ ಯಾರನ್ನ ಕೇಳ್ಲಿ?"

ಏನೂ ಆಗುವುದಿಲ್ಲ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಬೈಕಿನ ಸದ್ದಾಯಿತು. ಆ ಸದ್ದನ್ನು ಅವಳು ಊರಿನ ಸಾವಿರ ಬೈಕುಗಳ ನಡುವೆಯೂ ಗುರುತು ಹಿಡಿಯಬಲ್ಲಳು.

"ಹಿತ್ತಲ ಬಾಗಲ ಐತಿ, ಬರ್ರಿ."

ಇಬ್ಬರೂ ಅಡುಗೆಮನೆ ದಾಟಿ ಓಡಿದರು. ಪಾರ್ವತೆಮ್ಮ ಬಚ್ಚಲ ಪಕ್ಕದ ಸಂದಿಯಲ್ಲಿ ಮರೆಯಾದ ಮೇಲೆಯೇ ಕಸ್ತೂರೆಮ್ಮನಿಗೆ ನೆನಪಾದದ್ದು: ಅವಳ ಚಪ್ಪಲಿಗಳು ಮುಂಬಾಗಿಲಲ್ಲೇ ಉಳಿದಿದ್ದವು.

"ಚಿಲಕ ಯಾಕ ಹಾಕೀದಿ?" ವೀರೇಂದ್ರ ಒಳಗೆ ಬಂದು ಕೇಳಿದ.

"ಬೆಕ್ಕು ಬಂದು ಹಾಲಿಗೆ ಬಾಯಿ ಹಾಕಾಕತ್ತಿತ್ತು."

"ಹೊರಗ ಚಪ್ಲಿ ಯಾರ್ವು?"

"ಜ್ವಾಳ ಹಸನ ಮಾಡಾಕ ಒಬ್ಬಾಕಿ ಬಂದಿದ್ಲು. ಹಿತ್ತಲದಾಗದಾಳ."

ವೀರೇಂದ್ರ ತಾಯಿಯ ಮುಖವನ್ನೇ ನೋಡಿದ. ಮೂವತ್ತೊಂದರ ಗಂಡು. ತಂಗಿಯ ಸುದ್ದಿ ಊರಿಗೆ ಗೊತ್ತಾದ ಮೇಲೆ ಲಿಂಗಸುಗೂರಿನ ಕಡೆಯ ಅವನ ನಿಶ್ಚಿತಾರ್ಥ ಮುರಿದುಬಿದ್ದಿತ್ತು. ಅಂದಿನಿಂದ ಅವನ ಕೆನ್ನೆ ಒಳಗೆ ಹೋಗಿ ಕಣ್ಣುಗಳಷ್ಟೇ ದೊಡ್ಡವಾಗಿ ಕಾಣುತ್ತಿದ್ದವು. ಹಿತ್ತಲಿಗೆ ಹೋಗಿ ನೋಡಲಿಲ್ಲ. ಕೂತು ಎರಡು ರೊಟ್ಟಿ ಉಂಡ. ಕೈ ತೊಳೆದು ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದ:

"ಇಪ್ಪತ್ತಾರಕ್ಕಂತ. ಸಂತೆಕಲ್ಲೂರಾಗ. ನನಗೂ ಗೊತ್ತಾಗೈತಿ."

ಕಸ್ತೂರೆಮ್ಮ ತಾಟು ಎತ್ತುತ್ತಿದ್ದವಳು ಬಗ್ಗಿದ್ದಲ್ಲೇ ನಿಂತಳು.

"ಆಕಿ ಕೊಳ್ಳಾಗ ತಾಳಿ ಬೀಳೂ ಹೊತ್ತಿಗೆ ನಾನೂ ಅಲ್ಲೇ ಇರ್ತೀನಿ."

ಅವನು ಕೂಗಾಡಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಬೈಕು ಹೊರಟುಹೋದ ಮೇಲೆ ಅವಳು ಒಳಕೋಣೆಗೆ ಹೋದಳು. ಗಂಡ ದೊಡ್ಡಬಸಪ್ಪ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ದವಸ ಮಾರುವ ಗಂಜಿನಲ್ಲಿ ನಾಲ್ಕು ಜನರ ಜಗಳ ಬಿಡಿಸುತ್ತಿದ್ದ ಮನುಷ್ಯ ಐದು ತಿಂಗಳಿಂದ ಓಣಿಯ ತುದಿಗೂ ಹೋಗಿರಲಿಲ್ಲ.

"ಕೇಳಿದ್ರ್ಯಾ?"

"ಎಲ್ಲಾ ಕೇಳಿದೆ." ಮಗ್ಗುಲಾಗಿ ಇತ್ತ ತಿರುಗಿದ. "ನನ್ನ ಹೆಸರು ಹಾಕ್ಸು. ಖಾಲಿ ಬಿಡಾಕ ನಾವೇನು ಸತ್ತೀವಾ?"

"ನಿಮ್ಮ ಹೆಸರು ಹಾಕಿದ್ರ ಅಂವ ಸುಮ್ನಿರ್ತಾನೇನ್ರಿ?"

ದೊಡ್ಡಬಸಪ್ಪ ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತುತ್ತಿದ್ದ. ಗಂಡನೂ ತನ್ನಷ್ಟೇ ಅಂಜಿದ್ದಾನೆ ಎಂದು ಕಸ್ತೂರೆಮ್ಮನಿಗೆ ತಿಳಿಯಿತು.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಹಿಟ್ಟು ನಾದುವಾಗ, ಬಟ್ಟೆ ಒಣಹಾಕುವಾಗ ಅದೇ ಮಾತು ಕಿವಿಯಲ್ಲಿ: ನಾನೂ ಅಲ್ಲೇ ಇರ್ತೀನಿ. ಮೂರನೆಯ ದಿನ ಬೆಳಿಗ್ಗೆ ಮೊಸರು ಕಡೆಯುತ್ತಿದ್ದಾಗ ಅವಳಿಗೆ ಒಂದು ನೆನಪಾಯಿತು. ಎರಡು ವರ್ಷದ ಹಿಂದೆ ಅವಳ ತಮ್ಮನ ಮಗಳ ಮದುವೆ. ಆ ಪತ್ರಿಕೆಯಲ್ಲಿ ಕರೆಯುವವರ ಸಾಲಿನಲ್ಲಿ ವೀರೇಂದ್ರನ ಹೆಸರೂ ಇತ್ತು. ಹೊಲದ ಬದುವಿನ ಜಗಳದಲ್ಲಿ ಮೂರು ವರ್ಷ ವೀರೇಂದ್ರನೊಡನೆ ಮಾತು ಬಿಟ್ಟಿದ್ದ ದಾಯಾದಿ ಪಂಪಣ್ಣ ಆ ಮದುವೆಗೆ ಬಂದ. ಎಲ್ಲರೂ ಉಸಿರು ಹಿಡಿದು ನೋಡಿದರು. ವೀರೇಂದ್ರ ಎದುರು ಹೋಗಿ ಪಂಪಣ್ಣನ ಕೈ ಹಿಡಿದು ಕರೆತಂದು ಊಟಕ್ಕೆ ಕೂರಿಸಿದ. ಆಮೇಲೆ ಅವಳು ಕೇಳಿದ್ದಕ್ಕೆ, "ಪತ್ರಿಕ್ಯಾಗ ನನ್ನ ಹೆಸರೈತಲ್ಲಬೇ," ಎಂದಿದ್ದ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

ಕಡಗೋಲು ಅವಳ ಕೈಯಲ್ಲಿ ನಿಂತಿತು. ಮಗನನ್ನು ಕೇಳದೆ ಮಾಡಬೇಕಾದ ಕೆಲಸ ಅದು.

ಗುರುವಾರ ಮಸ್ಕಿಯ ಮಲ್ಲಿಕಾರ್ಜುನನ ಬೆಟ್ಟಕ್ಕೆ ಹೋಗಿ ಬರುತ್ತೇನೆಂದು ಹೇಳಿ ಬಸ್ಸು ಹತ್ತಿದಳು. ಚೀಲದಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ಅವುಗಳ ಕೆಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಪಾರ್ವತೆಮ್ಮನ ಚಪ್ಪಲಿ. ಗಂಡನ ಫೋನಿನಿಂದ ಮಗಳಿಗೆ ಒಂದೇ ಮಾತು ಹೇಳಿ ಫೋನ್ ಇಟ್ಟಿದ್ದಳು: ಮಸ್ಕಿಯಲ್ಲಿ ದಸ್ತಗೀರ್‌ಸಾಬನ ಪ್ರಿಂಟಿಂಗ್ ಪ್ರೆಸ್ಸಿಗೆ ಬಾ. ಬಸ್ಸು ಕಾಲುವೆ ದಾಟಿ ಗದ್ದೆಗಳು ಮುಗಿದು ಕರಿನೆಲ ಶುರುವಾಗುವಷ್ಟರಲ್ಲಿ ಅವಳು ಮೂರು ಸಲ ಹಿಂದಿನ ಕಿಟಕಿಯತ್ತ ತಿರುಗಿ ನೋಡಿದಳು.

ಪ್ರೆಸ್ಸು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿತ್ತು. ದಾನೇಶ್ವರಿ ಅತ್ತೆಯ ಪಕ್ಕ ಬೆಂಚಿನ ಮೇಲೆ ಕುಳಿತಿದ್ದಳು. ತಾಯಿಯನ್ನು ಕಂಡು ಎದ್ದಳು, ಆದರೆ ಹತ್ತಿರ ಬರಲಿಲ್ಲ. ಅವಳ ಕಣ್ಣು ತಾಯಿಯ ಭುಜ ದಾಟಿ ಗಲ್ಲಿಯ ತನಕ ಹೋಗಿ ಬಂತು.

"ಒಬ್ಬಾಕೀನ ಬಂದಿಯೇನವ್ವಾ?"

ಐದು ತಿಂಗಳ ಮೇಲೆ ಮಗಳ ಬಾಯಿಂದ ಬಂದ ಮೊದಲ ಮಾತು ಅದು. ಕಸ್ತೂರೆಮ್ಮ ಹೌದೆಂದು ತಲೆಯಾಡಿಸಿದಳು. ಆಮೇಲೆಯೇ ದಾನೇಶ್ವರಿ ಮುಂದೆ ಬಂದು ಅವಳ ಕೈ ಹಿಡಿದುಕೊಂಡದ್ದು. ಪಾರ್ವತೆಮ್ಮ ತನ್ನ ಚಪ್ಪಲಿ ಇಸಿದುಕೊಂಡು, "ಆವತ್ತು ಬಸ್‌ಸ್ಟ್ಯಾಂಡಿನ ತನ ಬರಿಗಾಲು ಸುಟ್ಕೊಂತ ಹೋದೆ ನೋಡ್ರಿ," ಎಂದು ನಕ್ಕಳು. ಬೇರೆ ಯಾರೂ ನಗಲಿಲ್ಲ.

ದಸ್ತಗೀರ್‌ಸಾಬ್ ಬಿಳಿಗಡ್ಡದ ಮುದುಕ. ಮೂವತ್ತು ವರ್ಷದಿಂದ ಸುತ್ತಲಿನ ಹಳ್ಳಿಗಳ ಲಗ್ನಪತ್ರಿಕೆಗಳನ್ನೆಲ್ಲ ಅಚ್ಚು ಮಾಡಿದವನು. ಕಂಪ್ಯೂಟರಿನ ಮುಂದೆ ಕುಳಿತು ಕನ್ನಡಕ ಏರಿಸಿದ.

"ಮೊದಲು ಒಂದು ಹೇಳ್ರವ್ವಾ. ಮದುವಿ ಆಗಿಬಿಟ್ಟೈತಿ. ಈಗ 'ಶುಭವಿವಾಹ' ಅಂತ ಹಾಕ್ಲ್ಯಾ, 'ಆಶೀರ್ವಾದ' ಅಂತ ಹಾಕ್ಲ್ಯಾ? ಹುಡುಗಿ ಹೆಸರಿನ ಮುಂದ 'ಕುಮಾರಿ' ಬರಬೇಕಾ, 'ಸೌಭಾಗ್ಯವತಿ' ಬರಬೇಕಾ?"

"ಆಗಿರೂದು ಆಗೈತಿ ಅಂತ ಹಾಕ್ರಿ," ಎಂದಳು ದಾನೇಶ್ವರಿ. "'ಈಗಾಗಲೇ ಲಿಂಗಸುಗೂರಿನಲ್ಲಿ ನೋಂದಣಿ ವಿವಾಹವಾಗಿರುವ' ಅಂತ ತಾರೀಕು ಸಮೇತ ಬರೀರಿ. ಮುಚ್ಚಿಡಾಕ ನಾ ಏನೂ ಕಳವು ಮಾಡಿಲ್ಲ."

"ಬರ್ಸು ಬೇ, ಯಾರು ಬ್ಯಾಡಂದ್ರು? ಆದ್ರ ದುರುಗಮ್ಮನ ಸನ್ನಿಧಾನದಾಗ ಅನ್ನೂದು ಅದಕಿಂತ ದಪ್ಪಗ ಕಾಣಬೇಕು ನೋಡು," ಎಂದಳು ಪಾರ್ವತೆಮ್ಮ.

ದಸ್ತಗೀರ್‌ಸಾಬ್ ಒಂದು ಸಾಲು ಹೊಡೆದು, ಓದಿ, ಅಳಿಸಿ, ಮತ್ತೆ ಹೊಡೆದ. ಕೊನೆಗೆ ಅದು ಹೀಗೆ ನಿಂತಿತು: 'ಶ್ರೀ ದುರುಗಮ್ಮದೇವಿಯ ಸನ್ನಿಧಾನದಲ್ಲಿ, ಈಗಾಗಲೇ ನೋಂದಣಿ ವಿವಾಹವಾಗಿರುವ ನಮ್ಮ ಮಕ್ಕಳ ಮಾಂಗಲ್ಯಧಾರಣೆ ಹಾಗೂ ಆಶೀರ್ವಾದ.' 'ನಮ್ಮ ಮಕ್ಕಳ' ಎಂಬುದು ಅವನದೇ ಪದ. ಅದನ್ನು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ದಾನೇಶ್ವರಿಯ ಹೆಸರಿನ ಮುಂದೆ ಸೌಭಾಗ್ಯವತಿ ಬಂತು, ಕೆಳಗೆ ತಂದೆತಾಯಿಯ ಹೆಸರು ಬಂತು. ಆ ಸಾಲು ಪರದೆಯ ಮೇಲೆ ಮೂಡುವಾಗ ಅವಳು ಬಾಗಿಲ ಕಡೆ ಮುಖ ತಿರುಗಿಸಿಕೊಂಡಳು.

"ಕೊನಿಗೆ, ಸುಖಾಗಮನ ಬಯಸುವವರು. ಅಲ್ಲಿ ಯಾರ್ಯಾರು?"

ಕಸ್ತೂರೆಮ್ಮ ಕಂಪ್ಯೂಟರಿನ ಹತ್ತಿರ ಬಂದಳು. "ವೀರೇಂದ್ರ ದೊಡ್ಡಬಸಪ್ಪ ಅಂತ ಹಾಕ್ರಿ. ಪಕ್ಕದಾಗ 'ವಧುವಿನ ಅಣ್ಣ'. ಎಲ್ಲಾರಕಿಂತ ಮ್ಯಾಲ ಹಾಕ್ರಿ."

ಬಾಗಿಲ ಕಡೆ ಮುಖ ಮಾಡಿದ್ದ ದಾನೇಶ್ವರಿ ಗಕ್ಕನೆ ತಿರುಗಿದಳು.

"ಅವ್ವಾ, ನಿನಗೇನು ತಲಿ ಕೆಟ್ಟೈತೇನು?" ದಾನೇಶ್ವರಿಯ ದನಿ ಸೀಳಿಹೋಯಿತು. "ಅಂವಗ ಗೊತ್ತಾದ್ರ ನಮ್ಮನ್ನ ಉಳಸ್ತಾನೇನು? ನಿನಗ ಅಂವ ಮಗ. ನನಗ ಅಂವ... ಯಾರರ ಬಾಗಲ ಬಡದ್ರ ಸಾಕು ನಾ ನಡಗ್ತೀನವ್ವಾ. ಹಾಲು ಹಾಕಾವ ಬಂದ್ರೂ ಕಿಡಕಿ ಸಂದಿಂದ ನೋಡಿ ತಗೀತೀನಿ."

"ನಾನೂ ನಡಗ್ತೀನಿ," ಎಂದಳು ಕಸ್ತೂರೆಮ್ಮ. "ಅಂವಗ ಅನ್ನಾ ಹಾಕೂ ಹೊತ್ತಿಗೂ ನಡಗ್ತೀನಿ. ಅದಕ ಹಾಕಸ್ತೀನಿ. ಹೆಸರಿಲ್ಲಂದ್ರ ಅಂವ ಯಾರಾಗಿ ಬರ್ತಾನಂತ ನನಗ ಗೊತ್ತಿಲ್ಲ. ಹೆಸರಿದ್ರ ಕರದಾವ ಆಗಿ ಬರ್ತಾನ. ಕರದಾವ ಅಂದ್ಮ್ಯಾಲ ಕೈ ಎತ್ತಬಾರದು ಅನ್ನೂದು ಅಂವಗ ಇನ್ನಾ ಉಳದೈತಿ."

"ಉಳದಿಲ್ಲಂದ್ರ?"

ಕಸ್ತೂರೆಮ್ಮ ದಸ್ತಗೀರ್‌ಸಾಬನ ಕಡೆ ತಿರುಗಿ, ಹಾಕ್ರಿ ಎನ್ನುವಂತೆ ತಲೆಯಾಡಿಸಿದಳು.

ದಸ್ತಗೀರ್‌ಸಾಬ್ ಕನ್ನಡಕ ತೆಗೆದು ಒರೆಸಿದ. "ಅವ್ವಾರ, ನಾಳೆ ಅವ್ರು ನನ್ನ ಅಂಗಡಿಗೆ ಬಂದು ಕೇಳಿದ್ರ ನಾ ಏನನ್ಲಿ? ನನಗೂ ವಯಸ್ಸಾಗೈತಿ."

"ನಾ ಬರಸೀನಿ ಅಂತ ಹೇಳ್ರಿ. ಬೇಕಂದ್ರ ಸಹಿ ಮಾಡಿ ಕೊಡ್ತೀನಿ."

ಅವನು ಕರಡಿನ ಪ್ರತಿ ತೆಗೆದು ಮುಂದಿಟ್ಟ. ಕಸ್ತೂರೆಮ್ಮ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಪೆನ್ನು ಹಿಡಿದು ಎಷ್ಟೋ ವರ್ಷವಾಗಿತ್ತು. 'ಕಸ್ತೂರೆಮ್ಮ' ಎಂದು ಬರೆಯುವಾಗ 'ಸ್ತೂ' ಎರಡು ಸಲ ತಪ್ಪಿತು. ಪಾರ್ವತೆಮ್ಮ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತಳು. "ನಂದೂ ಒಂದು ಹೆಬ್ಬಟ್ಟು ತಗೋ ಸಾಬಣ್ಣ. ಬೀಗ್ತಿ ಒಬ್ಬಾಕೀನ ಸಿಗಬೀಳೂದು ಬ್ಯಾಡ."

ಶನಿವಾರ ಒಂದು ಕಟ್ಟು ಪತ್ರಿಕೆಗಳು ಸಿಂಧನೂರಿನ ಮನೆಗೆ ಬಂದವು. ಕಸ್ತೂರೆಮ್ಮ ಕುಂಕುಮದ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಅವುಗಳ ಮುಂದೆ ಕುಳಿತಳು, ಕೈ ಏಳಲಿಲ್ಲ. ಇನ್ನೂ ಇವನ್ನು ಒಲೆಗೆ ಹಾಕಬಹುದು ಎನಿಸಿತು. ದೊಡ್ಡಬಸಪ್ಪ ಒಳಗಿನಿಂದ ಎದ್ದು ಬಂದ. ಒಂದು ಪತ್ರಿಕೆ ತೆಗೆದುಕೊಂಡು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದ. ಮಗನ ಹೆಸರಿನ ಹತ್ತಿರ ತುಸು ಹೊತ್ತು ನಿಂತ. ಆಮೇಲೆ ಜೇಬಿನಿಂದ ಫೋನು ತೆಗೆದು, ಪತ್ರಿಕೆಯನ್ನು ನೆಲದ ಮೇಲಿಟ್ಟು ಫೋಟೋ ಹೊಡೆದ. ಎರಡು ಸಲ ಅಲ್ಲಾಡಿತು. ಮೂರನೆಯದು ಸರಿ ಬಂತು.

"ಏನ್ ಮಾಡಾಕತ್ತೀರಿ?"

"ನಮ್ಮ ಸಮಾಜದ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. ಮುನ್ನೂರಾ ಹದಿನಾರು ಮಂದಿ ಅದಾರ." ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡು ಕುಳಿತ. "ಇನ್ನ ವಾಪಸ್ ಬರಂಗಿಲ್ಲ. ಏಳು, ಓಣ್ಯಾಗಿನ ನಾಕು ಮನಿಗೆ ಕುಂಕುಮ ಹಚ್ಚಿ ಬಾ."

ಅವಳು ನಾಲ್ಕು ಮನೆ ಮುಗಿಸಿ ಬರುವಷ್ಟರಲ್ಲಿ ವೀರೇಂದ್ರನ ಬೈಕು ಬಾಗಿಲಲ್ಲಿತ್ತು. ನಡುಮನೆಯಲ್ಲಿ ನಿಂತಿದ್ದ. ಕೈಯಲ್ಲಿ ಪತ್ರಿಕೆ.

"ಅಮೀನ್‌ಸಾಬ್ ಅಂಗಡಿಗೆ ಬಂದಿದ್ದ," ಎಂದ. ಅಮೀನ್‌ಸಾಬ್ ಗಂಜಿನಲ್ಲಿ ಭತ್ತದ ವ್ಯಾಪಾರಿ, ವೀರೇಂದ್ರನ ಗೆಳೆಯ. "ನನ್ನ ಕೈ ಹಿಡಕೊಂಡು ಬಿಡಲೇ ಇಲ್ಲ. 'ದೊಡ್ಡ ಮನಸ್ಸು ಮಾಡಿದಿ ವೀರಣ್ಣ' ಅಂದ. ನನಗ ಏನಂತ ತಿಳೀಲಿಲ್ಲ. ಗಂಜಿನ್ಯಾಗ ಯಾರೋ ಕಳಿಸಿದ್ರಂತ, ಫೋನ್ ತಗದು ತೋರ್ಸಿದ. ನನ್ನ ಹೆಸರು ಯಾರು ಹಾಕ್ಸಿದ್ರು?"

"ನಾ ಹಾಕ್ಸೀನಿ."

"ಯಾರನ್ನ ಕೇಳಿ?"

ಕಸ್ತೂರೆಮ್ಮನ ಬೆನ್ನು ಗೋಡೆಗೆ ತಾಗಿತು. ತಾನು ಹಿಂದಕ್ಕೆ ಸರಿದದ್ದು ಆಗ ಅವಳಿಗೆ ತಿಳಿಯಿತು. ವೀರೇಂದ್ರನೂ ಅದನ್ನು ನೋಡಿದ.

"ನನಗ ಅಂಜಿ ಹಿಂದ ಸರೀತೀಯಾ ಬೇ?" ಎಂದ. ದನಿ ಒಡೆದಿತ್ತು, ಸಿಟ್ಟಿನಿಂದಲೋ ಮತ್ತೊಂದರಿಂದಲೋ. "ಹಟ್ಟಿಗೆ ಎರಡು ಸಲ ಹೋಗಿ ಬಂದೀನಿ ನಾ. ಆಕಿ ಮನಿ ಮುಂದ ನಿಂತಿದ್ದೆ. ಆಕಿ ಹೊರಗ ಬಂದು ಬಟ್ಟಿ ಒಣಹಾಕಿದ್ಲು. ನೋಡಿ ಬಂದೆ."

"ಯಾಕ ಹೋಗಿದ್ದೆಪ್ಪಾ?"

"ಗೊತ್ತಿಲ್ಲ." ಅವನು ಪತ್ರಿಕೆಯನ್ನು ನಡುವೆ ಮಡಚಿದ, ಮತ್ತೊಮ್ಮೆ ಮಡಚಿದ, ಅಂಗಿಯ ಜೇಬಿಗೆ ಹಾಕಿಕೊಂಡ. "ಹೆಸರು ಹಾಕ್ಸೀರಿ. ಬರ್ತೀನಿ."

ಮುಂದಿನ ಎಂಟು ದಿನ ಅವನು ಮನೆಯಲ್ಲಿ ಮಾತಾಡಲಿಲ್ಲ. ಇಪ್ಪತ್ತಾರರ ಬೆಳಿಗ್ಗೆ ಇವರು ಏಳುವ ಮೊದಲೇ ಬಿಳಿ ಅಂಗಿ ಹಾಕಿಕೊಂಡು ಹೋಗಿಬಿಟ್ಟಿದ್ದ. ಕಸ್ತೂರೆಮ್ಮ ಸ್ನಾನವನ್ನೂ ಬಿಟ್ಟು ಅಂಗಡಿಗೆ ಓಡಿದಳು. ತನ್ನ ಬಳಿಯಿದ್ದ ಕೀಲಿಯಿಂದ ಬದಿಯ ಬಾಗಿಲು ತೆಗೆದು ಗೊಬ್ಬರದ ಚೀಲಗಳ ಹಿಂದೆ ಕೈ ಹಾಕಿ ತಡಕಿದಳು. ಸಲಾಕೆ ಇತ್ತು. ಅದರ ತಣ್ಣನೆಯ ಕಬ್ಬಿಣವನ್ನು ಎರಡೂ ಕೈಯಿಂದ ಹಿಡಿದು ಉಸಿರುಬಿಟ್ಟಳು. ಬಾಗಿಲು ಹಾಕುವಾಗ ಮತ್ತೆ ಅನಿಸಿತು, ಕಬ್ಬಿಣ ಎಲ್ಲಿ ಸಿಗುವುದಿಲ್ಲ?

ನೆರೆಮನೆಯ ಇಶ್ತಿಯಾಕ್ ತನ್ನ ಕಾರಿನಲ್ಲಿ ಗಂಡಹೆಂಡತಿಯನ್ನು ಸಂತೆಕಲ್ಲೂರಿಗೆ ಕರೆದೊಯ್ದ. ಗುಡಿಯ ಮುಂದೆ ಸಣ್ಣ ಹಂದರ. ವೀರೇಂದ್ರ ರಸ್ತೆಯಾಚೆ ಬೇವಿನ ಮರದ ಕೆಳಗೆ ಬೈಕಿಗೆ ಒರಗಿ ನಿಂತಿದ್ದ. ಅತ್ತಿತ್ತ ಅಲುಗಾಡಲಿಲ್ಲ. ದುರುಗೇಶನ ಜೊತೆಗಾರರಾದ ನಾಲ್ವರು ಗಣಿ ಕೆಲಸಗಾರರು ಹಂದರದ ಮೂಲೆಯಲ್ಲಿ ಅವನನ್ನೇ ನೋಡುತ್ತ ನಿಂತಿದ್ದರು.

ಮೊದಲು ಅಮೀನ್‌ಸಾಬನ ಗಾಡಿ ಬಂತು. ಅವನು ಇಳಿದವನೇ ನೇರ ಬೇವಿನ ಮರದ ಕಡೆ ನಡೆದು ವೀರೇಂದ್ರನಿಗೆ ಕೈ ಮುಗಿದ. ವೀರೇಂದ್ರ ಬೈಕು ಬಿಟ್ಟು ನೆಟ್ಟಗೆ ನಿಂತು ತಾನೂ ಕೈ ಮುಗಿದ. ಆಮೇಲೆ ಸಿಂಧನೂರಿನ ಇನ್ನೊಂದು ಗಾಡಿ, ಮಸ್ಕಿಯ ಬಳಗದ ಆಟೋ. ಬರದವರೇ ಹೆಚ್ಚು. ಆದರೆ ಬಂದವರೆಲ್ಲ ಪತ್ರಿಕೆಯಲ್ಲಿ ಹೆಸರಿದ್ದವನನ್ನು ಹುಡುಕಿಕೊಂಡು ಅವನ ಹತ್ತಿರವೇ ಹೋದರು. ಅವರ ಪೈಕಿ ಬಳಗದ ಮುದುಕಿ ಕನಕಮ್ಮ ಅವನ ರಟ್ಟೆ ಹಿಡಿದು, "ನಡಿಯಪ್ಪಾ, ನನಗ ಕಣ್ಣು ಮಂಜು, ಒಳಗ ಕರಕೊಂಡು ಹೋಗು," ಎಂದಳು. ಅವನು ಅವಳನ್ನು ಕರೆದುಕೊಂಡು ರಸ್ತೆ ದಾಟಿದ. ಗಣಿಯ ನಾಲ್ವರು ಒಂದು ಹೆಜ್ಜೆ ಮುಂದೆ ಬಂದರು. ಅವನು ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ ಹಂದರದ ಕಂಬದ ಹತ್ತಿರ ನಿಂತುಕೊಂಡ.

ಡೊಳ್ಳು ಬಡಿದವು. ಕಸ್ತೂರೆಮ್ಮ ಮಗಳ ಮುಖ ನೋಡಲಿಲ್ಲ, ದೇವಿಯ ಮುಖವನ್ನೂ ನೋಡಲಿಲ್ಲ. ಮಗನ ಕೈಗಳನ್ನೇ ನೋಡುತ್ತಿದ್ದಳು. ಒಂದು ಕಂಬದ ಮೇಲಿತ್ತು, ಒಂದು ಜೇಬಿನಲ್ಲಿ.

ಪೂಜಾರಿ ತಾಳಿ ಕೊಟ್ಟ. ದಾನೇಶ್ವರಿ ತಲೆ ಬಗ್ಗಿಸಿ ಜಡೆಯನ್ನು ಪಕ್ಕಕ್ಕೆ ಸರಿಸಿದಳು. ದುರುಗೇಶ ದಾರವನ್ನು ಅವಳ ಕೊರಳ ಸುತ್ತ ತಂದ. ಅಲ್ಲಿಗೆ ನಿಂತಿತು. ಅವನ ಬಲ ಮೊಣಕೈ ಮಡಚಲಿಲ್ಲ. ಎಡಗೈಯ ಎಳೆ ಬಂದು ಕಾಯುತ್ತಿತ್ತು, ಬಲಗೈಯ ಎಳೆ ಗೇಣುದ್ದ ದೂರದಲ್ಲಿ ನಡುಗುತ್ತಿತ್ತು. ಅವನು ಭುಜ ಎತ್ತಿದ, ಮೈ ಓರೆ ಮಾಡಿದ, ತುಟಿ ಕಚ್ಚಿದ. ಡೊಳ್ಳಿನವರು ನೋಡಿ ನೋಡಿ ಬಡಿಯುವುದನ್ನು ಮರೆತರು. ಅಕ್ಕಿಕಾಳು ಹಿಡಿದವರ ಕೈಗಳು ಮೇಲೆಯೇ ಉಳಿದವು. ದಾನೇಶ್ವರಿ ತಲೆ ಎತ್ತದೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಅವನಿಗೆ ಏನೋ ಹೇಳುತ್ತಿದ್ದಳು. ಕೊನೆಗೆ ಪಾರ್ವತೆಮ್ಮ ನುಗ್ಗಿ ಬಂದು ಮಗನ ಬಲಗೈಯ ಎಳೆ ಹಿಡಿದುಕೊಂಡಳು. ತಾಯಿಯ ಕೈ, ಮಗನ ಎಡಗೈ ಕೂಡಿ ಮೂರು ಗಂಟು ಹಾಕಿದವು.

ಅಕ್ಕಿಕಾಳು ಬಿದ್ದವು. ಕಸ್ತೂರೆಮ್ಮ ಕಂಬದ ಕಡೆ ನೋಡಿದಳು. ವೀರೇಂದ್ರ ಅಲ್ಲಿರಲಿಲ್ಲ.

ಅವಳು ಕೈಯಲ್ಲಿದ್ದ ತಟ್ಟೆಯನ್ನು ಗಂಡನ ಕೈಗೆ ತುರುಕಿ ಮಂದಿಯನ್ನು ತಳ್ಳಿಕೊಂಡು ಹೊರಗೆ ಬಂದಳು. ಬೈಕು ಮರದ ಕೆಳಗೇ ಇತ್ತು. ಅಡುಗೆಯ ಪಾತ್ರೆಗಳ ಹತ್ತಿರ ನೋಡಿದಳು, ಕೊಡಲಿ ಸೌದೆಯ ಮೇಲೆ ಬಿದ್ದಿತ್ತು. ಗುಡಿಯ ಹಿಂದಕ್ಕೆ ಓಡಿದಳು. ಅಲ್ಲಿ ನೀರಿನ ಡ್ರಮ್ಮಿನ ಬದಿಯಲ್ಲಿ ಅವನು ಕುಕ್ಕರಗಾಲಲ್ಲಿ ಕುಳಿತಿದ್ದ. ಮುಖ, ಅಂಗಿಯ ಎದೆ ಒದ್ದೆಯಾಗಿದ್ದವು. ವಾಂತಿ ಮಾಡಿಕೊಂಡಿದ್ದ.

ಅವಳು ನಾಲ್ಕು ಹೆಜ್ಜೆ ದೂರದಲ್ಲೇ ನಿಂತಳು. ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

"ಅಂವನ ಕೈ ಹಂಗಾಗೈತಂತ ನನಗ ಯಾರೂ ಹೇಳಿಲ್ಲ," ಎಂದ ವೀರೇಂದ್ರ, ನೆಲ ನೋಡುತ್ತಲೇ. "ಮುರದಿದ್ದು ಕೂಡಿರತೈತಿ ಅನ್ಕೊಂಡಿದ್ದೆ."

ಹಂದರದ ಕಡೆಯಿಂದ ಯಾರೋ ಕಸ್ತೂರೆಮ್ಮನನ್ನು ಕೂಗಿದರು.

"ಹೋಗು. ಮಂದಿ ಕೇಳ್ತಾರ."

ಅವನು ಊಟಕ್ಕೆ ಬರಲಿಲ್ಲ. ತಂಗಿಯ ಮುಂದೆಯೂ ಬರಲಿಲ್ಲ. ಹೊರಡುವಾಗ ದಾನೇಶ್ವರಿ ಕಾರಿನ ತನಕ ಬಂದು ತಾಯಿಯ ಕೈ ಬಿಡದೆ ನಿಂತಳು. "ಅಣ್ಣ ಎಲ್ಲಿ ಹೋದ?" ಎಂದು ಕೇಳಿದಳು. ಆ ದನಿಯಲ್ಲಿ ಏನಿದೆಯೆಂದು ಕಸ್ತೂರೆಮ್ಮನಿಗೆ ಬಿಡಿಸಿ ಹೇಳಲಾಗುತ್ತಿರಲಿಲ್ಲ. "ಹೋಗಿರಬೇಕು," ಎಂದಳು.

ಕಾರು ಮಸ್ಕಿ ದಾಟುವ ಹೊತ್ತಿಗೆ ಬಿಸಿಲು ಓರೆಯಾಗಿತ್ತು. ದೊಡ್ಡಬಸಪ್ಪ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ್ದ. ಹಿಂದಿನಿಂದ ಬೈಕಿನ ಸದ್ದು ಬಂತು. ಕಸ್ತೂರೆಮ್ಮ ತಿರುಗಿ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಬೈಕು ಕಾರನ್ನು ಹಿಂದೆ ಹಾಕಿ ಮುಂದೆ ಹೋಗಿ ಅಡ್ಡ ನಿಂತಿತು. ವೀರೇಂದ್ರ ಕೈ ಅಡ್ಡ ಮಾಡಿದ.

"ನಿಲ್ಲಿಸ್ಲ್ಯಾ ಅವ್ವಾ?" ಇಶ್ತಿಯಾಕ್ ಹಿಂದೆ ನೋಡದೆ ಕೇಳಿದ. ಅವನ ಕಾಲು ಆಗಲೇ ಬ್ರೇಕಿನ ಮೇಲಿತ್ತು.

"ನಿಲ್ಸು," ಎಂದಳು.

ವೀರೇಂದ್ರ ಕಾರಿನ ಹತ್ತಿರ ಬರಲಿಲ್ಲ. ರಸ್ತೆಯ ಬದಿಯ ಮಿರ್ಚಿ ಭಜಿ ಅಂಗಡಿಯ ಕಡೆ ಹೋದ. ಕಾಯುತ್ತ ನಿಂತ. ಮಿರ್ಚಿ ಮಂಡಕ್ಕಿಯ ಮೂರು ಪೊಟ್ಟಣ ಹಿಡಿದುಕೊಂಡು ಬಂದು ಕಿಟಕಿಯಲ್ಲಿ ಒಂದೊಂದಾಗಿ ಒಳಗೆ ಕೊಟ್ಟ.

"ನೀ ಉಂಡಿಲ್ಲ. ನಾ ನೋಡೀನಿ," ಎಂದ.

ಮಂಡಕ್ಕಿಯ ಪೊಟ್ಟಣದ ತಳ ಎಣ್ಣೆಯಿಂದ ಒದ್ದೆಯಾಗಿ ಬಿಸಿಯಾಗಿತ್ತು. ವೀರೇಂದ್ರ ತಿರುಗಿ ಹೋಗಿ ಬೈಕಿನ ಪಕ್ಕ, ಅವರು ಬಂದ ದಾರಿಯ ಕಡೆ ಮುಖ ಮಾಡಿ ನಿಂತ. ಗಾಳಿಗೆ ಅವನ ಅಂಗಿಯ ಬೆನ್ನು ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕಸ್ತೂರೆಮ್ಮ ಮಿರ್ಚಿ ಮುರಿದು ಬಾಯಿಗಿಟ್ಟಳು. ಪೊಟ್ಟಣ ಓರೆಯಾಗಿ ಮಂಡಕ್ಕಿ ಮಡಿಲ ತುಂಬ ಚೆಲ್ಲಿತು. ಅದನ್ನು ಒಂದೊಂದೇ ಕಾಳಾಗಿ ಆಯ್ದು ತಿನ್ನುತ್ತ, ಅವಳು ಆ ಬೆನ್ನಿನ ಮೇಲಿಂದ ಕಣ್ಣು ತೆಗೆಯಲಿಲ್ಲ.